ಮುಳುಗಿದ ಗಣಿಯ ಬೆಚ್ಚಗಿನ ನೀರು: ಹೇರ್ಲೆನ್ ಪ್ರಕರಣ

ಗಣಿ ಮುಚ್ಚಿತು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಬೀಗ ಬಿದ್ದ ಗೇಟು, ಕೆಲಸ ಕಳೆದುಕೊಂಡ ಜನ. ನೆಲದ ಕೆಳಗೆ ಆಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಪಂಪು ನಿಲ್ಲುತ್ತದೆ. ಅಲ್ಲಿಯವರೆಗೆ ಹಗಲೂ ರಾತ್ರಿ ಮೇಲೆತ್ತಿ ಚೆಲ್ಲುತ್ತಿದ್ದ ಅಂತರ್ಜಲ ಮೆಲ್ಲಗೆ ತನ್ನ ಜಾಗಕ್ಕೆ ವಾಪಸು ಬರುತ್ತದೆ. ಸುರಂಗಗಳು ಒಂದೊಂದಾಗಿ ತುಂಬುತ್ತವೆ. ಸುತ್ತಲಿನ ಬಂಡೆಯ ಬಿಸಿ ಆ ನೀರಿಗೆ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ಅಲ್ಲಿ ದೊಡ್ಡದೊಂದು ಬೆಚ್ಚಗಿನ ಕೆರೆ ತಯಾರಾಗಿರುತ್ತದೆ, ಊರಿನ ಅಡಿಯಲ್ಲೇ.

ಈ ನೀರನ್ನು ಕೆಲಸಕ್ಕೆ ಹಚ್ಚಿದ ಊರುಗಳು ಇವೆ. ಅವುಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಹೇರ್ಲೆನ್ ಊರಿನ ಕಥೆಯನ್ನು ಇಲ್ಲಿ ಪೂರ್ತಿ ಬಿಡಿಸಿ ಹೇಳಬೇಕು ಅನಿಸಿದೆ. ಕಾರಣ ಏನೆಂದರೆ, ಅಲ್ಲಿ ಯೋಜನೆ ಗೆದ್ದಿತು ಅನ್ನುವಷ್ಟಕ್ಕೆ ಮುಗಿಯಲಿಲ್ಲ. ಶುರುವಾದ ಐದೇ ವರ್ಷದಲ್ಲಿ ಅದರ ಮೂಲ ಲೆಕ್ಕವನ್ನೇ ತಿದ್ದಬೇಕಾಯಿತು. ತಿದ್ದುವುದು ಸಾಧ್ಯವಾಗಿದ್ದು ನೀರಿನ ನಡೆ ಗೊತ್ತಿದ್ದ ಜನರಿಂದ. ಭೂಶಾಖದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಶಾಖದ ಬಗ್ಗೆಯೇ ಮಾತಾಡುತ್ತಾರೆ. ಗಣಿಯ ವಿಷಯದಲ್ಲಿ ಮೊದಲು ಕೇಳಬೇಕಾದ್ದು ನೀರಿನ ಬಗ್ಗೆ. ಹೇರ್ಲೆನ್ ಅದನ್ನು ಕಷ್ಟಪಟ್ಟು ಕಲಿತ ಊರು.

ಕಲ್ಲಿದ್ದಲಿನ ಊರು

ಹೇರ್ಲೆನ್ ಇರುವುದು ನೆದರ್‌ಲ್ಯಾಂಡ್ಸ್‌ನ ದಕ್ಷಿಣದ ತುದಿಯಲ್ಲಿ, ಲಿಂಬರ್ಗ್ ಪ್ರಾಂತ್ಯದಲ್ಲಿ. ಜರ್ಮನಿಯ ಗಡಿ ಪಕ್ಕದಲ್ಲೇ ಇದೆ. ಇಲ್ಲಿನ ಒರಾನ್ಯೆ-ನಸ್ಸೌ ಒಂದನೇ ಗಣಿಯಿಂದ 1899ರಲ್ಲಿ ಕಲ್ಲಿದ್ದಲು ಹೊರಬರಲು ಶುರುವಾಯಿತು. ಅಲ್ಲಿಂದ ಮುಂದೆ ಮುಕ್ಕಾಲು ಶತಮಾನ ಇಡೀ ಪ್ರದೇಶ ಬದುಕಿದ್ದು ಇದ್ದಿಲ ಮೇಲೆ. ಖಾಸಗಿಯವರದ್ದು, ಸರ್ಕಾರದ್ದು ಸೇರಿ 12 ದೊಡ್ಡ ಗಣಿಗಳಿದ್ದವು.

1959ರಲ್ಲಿ ಅದೇ ದೇಶದ ಉತ್ತರದಲ್ಲಿ, ಗ್ರೋನಿಂಗೆನ್ ಪ್ರಾಂತ್ಯದಲ್ಲಿ, ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಅನಿಲ ಅಗ್ಗ, ಹೊಗೆ ಕಡಿಮೆ, ಪೈಪಿನಲ್ಲಿ ಮನೆಗೇ ಬರುತ್ತದೆ. ಇದ್ದಿಲು ಅದರ ಮುಂದೆ ನಿಲ್ಲಲಿಲ್ಲ. 1965ರ ಡಿಸೆಂಬರ್ 17ರಂದು ಆಗಿನ ಆರ್ಥಿಕ ವ್ಯವಹಾರಗಳ ಸಚಿವ ಯೋಪ್ ಡೆನ್ ಔಲ್ ಹೇರ್ಲೆನ್‌ನ ರಂಗಮಂದಿರಕ್ಕೆ ಬಂದು, ಗಣಿಗಳನ್ನು ಮುಚ್ಚುತ್ತೇವೆ ಎಂದು ಘೋಷಿಸಿದರು. ಒಂಬತ್ತು ವರ್ಷದಲ್ಲಿ ಎಲ್ಲವೂ ಮುಗಿಯಿತು. ಒರಾನ್ಯೆ-ನಸ್ಸೌ ಒಂದನೇ ಗಣಿ 1974ರ ಡಿಸೆಂಬರ್ 31ರಂದು ಕೊನೆಯದಾಗಿ ಮುಚ್ಚಿತು.

ಆಮೇಲೆ ನಡೆದದ್ದು ಈ ಪ್ರಕರಣಕ್ಕೆ ತುಂಬಾ ಮುಖ್ಯ. ಗಣಿಯ ಗುರುತೇ ಉಳಿಯಬಾರದು ಎಂಬಂತೆ ಕೆಲಸ ಶುರುವಾಯಿತು. ‘ಕಪ್ಪಿನಿಂದ ಹಸಿರಿಗೆ’ ಎಂಬುದು ಆಗಿನ ಘೋಷಣೆ. ಶಾಫ್ಟ್‌ಗಳನ್ನು, ಅಂದರೆ ಗಣಿಗೆ ಇಳಿಯುವ ನೇರ ಆಳದ ಬಾವಿಗಳನ್ನು, ತುಂಬಿ ಮುಚ್ಚಿದರು. ತ್ಯಾಜ್ಯದ ದಿಬ್ಬಗಳನ್ನು ಸಮ ಮಾಡಿದರು. ಊರಿನವರು ‘ಲಾಂಗೆ ಯಾನ್’ ಎಂದು ಹೆಸರಿಟ್ಟು ಕರೆಯುತ್ತಿದ್ದ ಎತ್ತರದ ಚಿಮಣಿಯನ್ನು 1976ರಲ್ಲಿ ಬೀಳಿಸಿದರು. ಆ ಜನರ ಮನಸ್ಸು ನನಗೆ ಅರ್ಥವಾಗುತ್ತದೆ. ಧೂಳು, ಶ್ವಾಸಕೋಶದ ರೋಗ, ಅಪಘಾತ, ಕೊನೆಗೆ ಕೆಲಸವೂ ಇಲ್ಲ. ಕಣ್ಣ ಮುಂದಿನಿಂದ ಹೋಗಲಿ ಅನಿಸುವುದು ಸಹಜ ಅಲ್ವಾ? ಆದರೆ ಶಾಫ್ಟ್ ಜೊತೆ ಕೆಳಗಿನ ಲೋಕಕ್ಕೆ ಇದ್ದ ದಾರಿಯೂ ಹೋಯಿತು. ಅದರ ಬೆಲೆ ಗೊತ್ತಾಗಿದ್ದು ಮೂವತ್ತು ವರ್ಷ ಕಳೆದ ಮೇಲೆ.

ನೀರು ಏರುವ ಕಥೆ

ಪಂಪು ಎಲ್ಲ ಕಡೆ ಒಟ್ಟಿಗೆ ನಿಲ್ಲಲಿಲ್ಲ. ಗಡಿಯಾಚೆ ಜರ್ಮನಿಯ ಗಣಿಗಳು 1990ರ ದಶಕದ ಶುರುವಿನವರೆಗೂ ನಡೆಯುತ್ತಿದ್ದವು. ನೆಲದ ಕೆಳಗೆ ದೇಶದ ಗಡಿ ಇರುವುದಿಲ್ಲ. ಇತ್ತ ನೀರು ಏರಿದರೆ ಅದು ಹಳೆಯ ಸುರಂಗಗಳ ಮೂಲಕ ಅತ್ತ ಕೆಲಸ ಮಾಡುತ್ತಿದ್ದವರ ಮೇಲೆ ನುಗ್ಗುವ ಅಪಾಯ ಇತ್ತು. ಹಾಗಾಗಿ ಗಡಿಯ ಹತ್ತಿರ ಪಂಪು ಓಡುತ್ತಲೇ ಇತ್ತು. 1994ರಲ್ಲಿ ಅದೂ ನಿಂತಿತು. ಆಮೇಲೆ ಗಣಿಗಳ ನೀರಿನ ಮಟ್ಟ ತಡೆಯಿಲ್ಲದೆ ಏರತೊಡಗಿತು.

ಇದನ್ನು ‘ಸುಮ್ನೆ ನೀರು ತುಂಬಿತು’ ಅಂದುಕೊಳ್ಳುವ ಹಾಗಿಲ್ಲ. ನೀರು ಏರುವಾಗ ಮೂರು ಕಡೆ ಕಣ್ಣಿಡಬೇಕು.

ಒಂದು, ನೆಲ ಉಬ್ಬುತ್ತದೆ. ಗಣಿಗಾರಿಕೆ ನಡೆಯುವಾಗ ಕುಸಿದಿದ್ದ ಬಂಡೆಯ ಬಿರುಕುಗಳಿಗೆ ನೀರಿನ ಒತ್ತಡ ವಾಪಸು ಬಂದಾಗ ನೆಲ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಮೇಲೇಳುತ್ತದೆ. ಇಡೀ ಊರು ಒಂದೇ ಸಮ ಎದ್ದರೆ ತೊಂದರೆ ಇಲ್ಲ. ಒಂದು ಬಿರುಕಿನ ಈ ಕಡೆ ಜಾಸ್ತಿ, ಆ ಕಡೆ ಕಡಿಮೆ ಎದ್ದರೆ ಮೇಲಿನ ಮನೆಯ ಗೋಡೆ ಸೀಳುತ್ತದೆ.

ಎರಡು, ಕುಡಿಯುವ ನೀರು. ದಕ್ಷಿಣ ಲಿಂಬರ್ಗ್‌ನಲ್ಲಿ ಇದ್ದಿಲ ಪದರಗಳ ಮೇಲೆ ಸುಣ್ಣಕಲ್ಲಿನ ಪದರ ಇದೆ. ಜನ ಕುಡಿಯುವ ಅಂತರ್ಜಲ ಅದರಲ್ಲಿದೆ. ಗಣಿಯ ನೀರಿನಲ್ಲಿ ಉಪ್ಪು, ಕಬ್ಬಿಣ, ಸಲ್ಫೇಟು ಇರುತ್ತವೆ. ಅದು ಏರಿ ಏರಿ ಸುಣ್ಣಕಲ್ಲಿಗೆ ಸೇರಿದರೆ ಸಿಹಿನೀರು ಕೆಡುತ್ತದೆ.

ಮೂರನೆಯದು ಹಳೆಯ ಟೊಳ್ಳುಗಳು. 2011ರ ಡಿಸೆಂಬರ್‌ನಲ್ಲಿ ಹೇರ್ಲೆನ್‌ನ ‘ಟ್ ಲೋನ್’ ಎಂಬ ಶಾಪಿಂಗ್ ಕಟ್ಟಡದ ಅಡಿಯಲ್ಲಿ ನೆಲ ಕುಸಿದು, ಕಟ್ಟಡದ ಒಂದು ಭಾಗವನ್ನೇ ಕೆಡವಬೇಕಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹಳೆಯ ಗಣಿಗಾರಿಕೆ. ಮುಚ್ಚಿ ಎಷ್ಟೋ ದಶಕ ಆದ ಮೇಲೂ ಗಣಿ ಮೇಲಿನ ಊರನ್ನು ಮುಟ್ಟುತ್ತಲೇ ಇರುತ್ತದೆ.

ಗಣಿ ನೀರನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಆಳದಿಂದ ಆಗಷ್ಟೇ ಮೇಲೆ ಬಂದ ನೀರನ್ನು ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಎಷ್ಟೋ ಸಲ ಅದು ಪೂರ್ತಿ ತಿಳಿಯಾಗಿರುತ್ತದೆ, ಕುಡಿಯೋಣ ಅನಿಸುವಷ್ಟು. ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟು ಬನ್ನಿ. ಕೆಲವು ಗಂಟೆ ಕಳೆದರೆ ನೀರು ಮೊದಲು ಮಬ್ಬಾಗುತ್ತದೆ, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮರುದಿನ ನೋಡಿದರೆ ತಳದಲ್ಲಿ ನಯವಾದ ತುಕ್ಕಿನ ಕೆಸರು ಕೂತಿರುತ್ತದೆ. ನೀರಿನಲ್ಲಿ ಕರಗಿದ್ದ ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಸಿಕ್ಕಿ ಆಗುವ ಕೆಲಸ ಇದು. ಬಾಟಲಿಯಲ್ಲಾದರೆ ನೋಡಲು ಚೆಂದ. ಕೊಳವೆಬಾವಿಯಲ್ಲಿ, ಪೈಪಿನಲ್ಲಿ ಇದೇ ಆದರೆ ಯೋಜನೆಯೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಈ ನೀರು ಕೆಳಗಿಂದ ಹೊರಟು ಮತ್ತೆ ಕೆಳಗೆ ಸೇರುವ ತನಕ ಗಾಳಿಗೆ ಮುಖ ತೋರಿಸಬಾರದು. ಒತ್ತಡ ಬಿಡದೆ, ಮುಚ್ಚಿದ ಪೈಪಿನಲ್ಲೇ ಅದನ್ನು ಸುತ್ತಿಸಬೇಕು. ಗಣಿ ನೀರಿನ ಯೋಜನೆಗಳ ವಿನ್ಯಾಸದಲ್ಲಿ ಅರ್ಧ ಭಾಗ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಕಾಣದ ಸುರಂಗಕ್ಕೆ ಗುರಿ ಇಟ್ಟಿದ್ದು

ಈ ನೀರಿನಿಂದ ಊರನ್ನು ಬೆಚ್ಚಗೆ ಮಾಡಬಹುದು ಎಂಬ ಯೋಚನೆ ಹೇರ್ಲೆನ್ ನಗರಾಡಳಿತಕ್ಕೆ 2000ದ ದಶಕದ ಆರಂಭದಲ್ಲಿ ಬಂತು. ಯುರೋಪಿಯನ್ ಒಕ್ಕೂಟದ ಹಣಸಹಾಯವೂ ಸಿಕ್ಕಿತು. ಯೋಜನೆಯ ಹೆಸರು ‘ಮೈನ್‌ವಾಟರ್’. ಡಚ್ ಭಾಷೆಯಲ್ಲಿ ಗಣಿ ನೀರು ಎಂದೇ ಅದರ ಅರ್ಥ.

ಆಳಕ್ಕೆ ಹೋದಷ್ಟೂ ಭೂಮಿ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್‌ಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಏರುತ್ತದೆ. ಮೇಲಿನ ನೆಲದ ವರ್ಷದ ಸರಾಸರಿ 10 ಡಿಗ್ರಿ ಎಂದು ಹಿಡಿದರೆ 700 ಮೀಟರ್ ಆಳದಲ್ಲಿ 30ರ ಹತ್ತಿರ ಇರಬೇಕು. ಹೇರ್ಲೆನ್‌ನಲ್ಲಿ ಸಿಕ್ಕಿದ್ದು 28. ಲೆಕ್ಕಕ್ಕೆ ತೀರಾ ಹತ್ತಿರ.

ಕಷ್ಟ ಇದ್ದದ್ದು ಅಲ್ಲಿಗೆ ತಲುಪುವುದರಲ್ಲಿ. ಶಾಫ್ಟ್‌ಗಳು ಮುಚ್ಚಿಹೋಗಿದ್ದವು. ಹೊಸದಾಗಿ ಕೊಳವೆಬಾವಿ ಕೊರೆಯಬೇಕು. ಎಲ್ಲೋ ಒಂದು ಕಡೆ ಕೊರೆದರೆ ಆಗುವುದಿಲ್ಲ. ಇದ್ದಿಲು ತೆಗೆದ ಜಾಗಗಳು ಅದಾಗಲೇ ಕುಸಿದು ಕಲ್ಲಿನ ಚೂರುಗಳಿಂದ ತುಂಬಿರುತ್ತವೆ. ಅಲ್ಲಿ ನೀರು ಇರುತ್ತದೆ, ಆದರೆ ಸಲೀಸಾಗಿ ಹರಿಯುವುದಿಲ್ಲ. ಗಟ್ಟಿ ಬಂಡೆಯಲ್ಲಿ ಕೊರೆದು, ಜನ ಮತ್ತು ಬಂಡಿಗಳ ಓಡಾಟಕ್ಕೆ ಮಾಡಿದ್ದ ಮುಖ್ಯ ಸುರಂಗಗಳು ಮಾತ್ರ ಇಷ್ಟು ಕಾಲ ತೆರೆದು ಉಳಿಯುವ ಭರವಸೆ ಕೊಡುತ್ತವೆ. ಅವುಗಳ ಅಗಲ ಕೆಲವೇ ಮೀಟರ್. ಮೇಲಿಂದ 700 ಮೀಟರ್ ಕೆಳಗಿನ ಆ ಗುರಿಗೆ ಡ್ರಿಲ್ಲಿನ ಬಾಯಿ ಸರಿಯಾಗಿ ಹೋಗಿ ಬೀಳಬೇಕು. ಒಂದೆರಡು ಮೀಟರ್ ಆಚೀಚೆ ಆದರೂ ಸಿಗುವುದು ಬರೀ ಬಂಡೆ.

ಕೈಗೆ ಸಿಕ್ಕಿದ್ದ ಆಧಾರ ಅಂದರೆ ಗಣಿಯ ಹಳೆಯ ನಕ್ಷೆಗಳು. ಗಣಿ ಸರ್ವೇಯರ್‌ಗಳು ಪ್ರತಿ ಮಟ್ಟದ ಸುರಂಗವನ್ನೂ ಅಳೆದು ಬರೆದು ಇಟ್ಟಿದ್ದರು. ಆ ಕಾಗದಗಳನ್ನು ‘ಮುಗಿದ ಕಥೆ’ ಎಂದು ಯಾರೂ ಎಸೆಯಲಿಲ್ಲ. ಹಾಗೆ ಎಸೆದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಗಣಿಯ ದಾಖಲೆಕೋಣೆ ಸಾಮಾನ್ಯವಾಗಿ ಯಾರೂ ಬೆಲೆ ಕಟ್ಟದ ಜಾಗ. ನನ್ನ ಪ್ರಕಾರ ಮುಚ್ಚುವ ಗಣಿಯಲ್ಲಿ ಯಂತ್ರಗಳಿಗಿಂತ ಮೊದಲು ಕಾಪಾಡಬೇಕಾದ್ದು ಅದನ್ನೇ.

2006ರಲ್ಲಿ ಬಾವಿಗಳನ್ನು ಕೊರೆದರು. ಒಟ್ಟು ಐದು. ಉತ್ತರದ ಹೇರ್ಲರ್‌ಹೈಡೆ ಬಡಾವಣೆಯಲ್ಲಿ ಸುಮಾರು 700 ಮೀಟರ್ ಆಳದ ಎರಡು, ಬಿಸಿನೀರಿಗೆ. ಊರಿನ ಮಧ್ಯಭಾಗದ ಕಡೆ ಸುಮಾರು 250 ಮೀಟರ್ ಆಳದ ಎರಡು, ತಂಪು ನೀರಿಗೆ. ಅಲ್ಲಿನ ನೀರು 16 ಡಿಗ್ರಿ. ಐದನೆಯದು ಇವೆರಡರ ನಡುವಿನ ಆಳದ್ದು, ಸುಮಾರು 350 ಮೀಟರ್. ಕೆಲಸ ಮುಗಿಸಿದ ನೀರನ್ನು ವಾಪಸು ಬಿಡುವುದಕ್ಕೆ. ಬಿಸಿ, ತಂಪು, ವಾಪಸು ಮೂರಕ್ಕೂ ರಸ್ತೆಗಳ ಅಡಿಯಲ್ಲಿ ಪೈಪು ಹಾಕಿದರು.

ತೆಗೆದಷ್ಟು ನೀರನ್ನೂ ಗಣಿಗೇ ವಾಪಸು ಬಿಡುವುದು ಇಲ್ಲಿ ನಿಯಮ. ನೀರು ಖರ್ಚಾಗುವುದಿಲ್ಲ. ಅದು ಶಾಖ ಹೊತ್ತು ತರುವ ಗಾಡಿ ಮಾತ್ರ. ತೆಗೆದ ನೀರನ್ನು ನದಿಗೆ ಬಿಟ್ಟಿದ್ದರೆ ಉಪ್ಪು, ಕಬ್ಬಿಣದ ನೀರು ನದಿ ಸೇರುತ್ತಿತ್ತು. ಕೆಳಗೆ ನೀರಿನ ಮಟ್ಟವೂ ಅಲುಗಾಡುತ್ತಿತ್ತು. ಮಟ್ಟ ಅಲುಗಾಡಿದರೆ ನೆಲವೂ ಅಲುಗಾಡುತ್ತದೆ ಎಂದು ಮೇಲೆ ನೋಡಿದೆವಲ್ಲ.

ಇಪ್ಪತ್ತೆಂಟು ಡಿಗ್ರಿಯಿಂದ ಮನೆ ಹೇಗೆ ಬಿಸಿಯಾಗುತ್ತದೆ?

ಇದು ಎಲ್ಲರೂ ಕೇಳುವ ಪ್ರಶ್ನೆ. 28 ಡಿಗ್ರಿ ನೀರು ಮುಟ್ಟಿದರೆ ಬಿಸಿ ಅನಿಸುವುದೇ ಇಲ್ಲ. ಮೈಯ ಶಾಖಕ್ಕಿಂತ ಕಡಿಮೆ.

ಕಟ್ಟಡದ ನೆಲಮಾಳಿಗೆಯ ಯಂತ್ರದ ಕೋಣೆಗೆ ಹೋಗೋಣ. ಗಣಿ ನೀರಿನ ಪೈಪು ಮೊದಲು ಬಂದು ಸೇರುವುದು ಹೀಟ್ ಎಕ್ಸ್‌ಚೇಂಜರ್‌ಗೆ. ಅದು ತೆಳ್ಳನೆಯ ಲೋಹದ ತಟ್ಟೆಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿ, ಎರಡೂ ಬದಿ ದಪ್ಪ ಬೋಲ್ಟು ಹಾಕಿ ಬಿಗಿದ ಒಂದು ಪೆಟ್ಟಿಗೆ. ಒಂದು ಹಾಳೆಯ ಈ ಬದಿ ಗಣಿ ನೀರು, ಆ ಬದಿ ಕಟ್ಟಡದ ಶುದ್ಧ ನೀರು. ಎರಡೂ ಬೆರೆಯುವುದಿಲ್ಲ. ಶಾಖ ಮಾತ್ರ ಲೋಹವನ್ನು ದಾಟುತ್ತದೆ. ಕೈ ಇಟ್ಟು ನೋಡಿದರೆ ಒಂದು ಪೈಪು ಉಗುರು ಬೆಚ್ಚಗೆ, ಇನ್ನೊಂದು ತಣ್ಣಗೆ.

ಅಲ್ಲಿಂದ ಮುಂದೆ ಹೀಟ್ ಪಂಪ್. ಫ್ರಿಜ್ಜಿನಲ್ಲಿರುವುದೇ ಇದರಲ್ಲೂ ಇರುವುದು. ಫ್ರಿಜ್ಜು ಒಳಗಿನ ಶಾಖವನ್ನು ಹೀರಿ ಹಿಂಬದಿಯಿಂದ ಹೊರಗೆ ಬಿಡುತ್ತದೆ. ಹೀಟ್ ಪಂಪ್ ಗಣಿ ನೀರಿನ ಶಾಖವನ್ನು ಹೀರಿ, ಒತ್ತಿ, ಇನ್ನಷ್ಟು ಬಿಸಿಯಾಗಿ ಕಟ್ಟಡಕ್ಕೆ ಕೊಡುತ್ತದೆ. ನೆಲದೊಳಗೆ ಅಥವಾ ಗೋಡೆಯೊಳಗೆ ಪೈಪು ಹಾಸಿದ ಕಟ್ಟಡಕ್ಕೆ 35ರಿಂದ 45 ಡಿಗ್ರಿ ಸಾಕು. 28ರಿಂದ 40ಕ್ಕೆ ಏರಿಸುವುದು ಸಣ್ಣ ಮೆಟ್ಟಿಲು. ಹೊರಗಿನ ಸೊನ್ನೆ ಡಿಗ್ರಿ ಗಾಳಿಯಿಂದ ಶಾಖ ಹಿಂಡಿ 40ಕ್ಕೆ ಏರಿಸುವುದು ದೊಡ್ಡ ಏಣಿ. ಮೆಟ್ಟಿಲು ಸಣ್ಣದಾದಷ್ಟೂ ಕರೆಂಟು ಕಡಿಮೆ. ಇಷ್ಟು ಅಂತರಕ್ಕೆ ಒಳ್ಳೆಯ ಹೀಟ್ ಪಂಪ್ ಒಂದು ಪಾಲು ಕರೆಂಟು ತಿಂದು ನಾಲ್ಕೈದು ಪಾಲು ಶಾಖ ಕೊಡುತ್ತದೆ.

ಒಂದು ಘನ ಮೀಟರ್ ನೀರು 10 ಡಿಗ್ರಿ ತಣಿದರೆ ಸಿಗುವ ಶಾಖ ಸುಮಾರು 11.6 ಕಿಲೋವ್ಯಾಟ್ ಗಂಟೆ. ಗಂಟೆಗೆ 100 ಘನ ಮೀಟರ್ ಹರಿಯಿತು ಅನ್ನಿ, ಸುಮಾರು 1,160 ಕಿಲೋವ್ಯಾಟ್ ಆಯಿತು. ಸಾಧಾರಣ ಬೆಚ್ಚಗಿನ ನೀರಿನಲ್ಲಿ ಇಷ್ಟೊಂದು ಇದೆ ಎಂದು ನಂಬಲು ಮೊದಲು ನನಗೂ ಕಷ್ಟವಾಗಿತ್ತು.

2008ರ ಅಕ್ಟೋಬರ್‌ನಲ್ಲಿ ವ್ಯವಸ್ಥೆ ಚಾಲೂ ಆಯಿತು. ಹೇರ್ಲರ್‌ಹೈಡೆಯ ಹೊಸ ಮನೆಗಳು, ಅಂಗಡಿಗಳು ಮೊದಲು ಸೇರಿದವು. ಡಚ್ ಸರ್ಕಾರದ ಅಂಕಿಅಂಶ ಸಂಸ್ಥೆ ಸಿ.ಬಿ.ಎಸ್.ನ ಹೊಸ ಕಚೇರಿಯೂ ಸೇರಿತು. ಇಲ್ಲಿ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಿ.ಬಿ.ಎಸ್.ನ ಕಚೇರಿ ಹೇರ್ಲೆನ್‌ಗೆ ಬಂದದ್ದೇ ಗಣಿ ಮುಚ್ಚಿದ್ದರಿಂದ. ಕೆಲಸ ಕಳೆದುಕೊಂಡ ಊರಿಗೆ ಬದಲಿ ಉದ್ಯೋಗ ಕೊಡಲು ಸರ್ಕಾರ ಕೆಲವು ದೊಡ್ಡ ಕಚೇರಿಗಳನ್ನು 1970ರ ದಶಕದಲ್ಲಿ ಇಲ್ಲಿಗೆ ಕಳಿಸಿತು. ಸರ್ಕಾರಿ ನೌಕರರ ಪಿಂಚಣಿ ನಿಧಿಯೂ ಹಾಗೆ ಬಂದದ್ದು. ಗಣಿಯ ಬದಲಿಗೆ ಬಂದ ಕಚೇರಿ ಈಗ ಗಣಿಯ ನೀರಿನಿಂದಲೇ ಬೆಚ್ಚಗಿದೆ. ಒರಾನ್ಯೆ-ನಸ್ಸೌ ಒಂದನೇ ಗಣಿಯ ಶಾಫ್ಟ್ ಕಟ್ಟಡವೊಂದು ಇನ್ನೂ ಅದರ ಹತ್ತಿರದಲ್ಲೇ ನಿಂತಿದೆ.

ಲೆಕ್ಕ ಎಲ್ಲಿ ತಪ್ಪಿತು

ಮೊದಲ ವಿನ್ಯಾಸ ನೋಡಲು ಸರಳ. ಬಿಸಿ ಬಾವಿಯಿಂದ ಬಿಸಿ ತೆಗೆ, ತಂಪು ಬಾವಿಯಿಂದ ತಂಪು ತೆಗೆ, ಎರಡರ ಕೆಲಸ ಮುಗಿದ ಮೇಲೆ ಆ ಬೆರಕೆ ನೀರನ್ನು ಐದನೇ ಬಾವಿಗೆ ಬಿಡು. ಎಲ್ಲವೂ ಒಂದೇ ದಿಕ್ಕು. ಚಳಿಗಾಲದಲ್ಲಿ ಮನೆಗಳಿಗೆ ಬಿಸಿ, ಬೇಸಿಗೆಯಲ್ಲಿ ಕಚೇರಿಗಳಿಗೆ ತಂಪು.

ಇದರ ಹಿಂದೆ ಒಂದು ನಂಬಿಕೆ ಇತ್ತು. ಗಣಿ ದೊಡ್ಡದು, ಭೂಮಿ ಕೆಳಗಿಂದ ಬಿಸಿ ಮಾಡುತ್ತಲೇ ಇರುತ್ತದೆ, ತೆಗೆದಷ್ಟು ತುಂಬಿಕೊಳ್ಳುತ್ತದೆ ಎಂಬುದು ಆ ನಂಬಿಕೆ. ಭೂಶಾಖ ಎಂದಾಕ್ಷಣ ನಮ್ಮೆಲ್ಲರ ತಲೆಯಲ್ಲೂ ಇದೇ ಇರುತ್ತದೆ. ಒಂದು ಸಣ್ಣ ಲೆಕ್ಕ ಅದನ್ನು ಒಡೆಯುತ್ತದೆ. ಭೂಮಿಯ ಒಳಗಿಂದ ಮೇಲೆ ಬರುವ ಶಾಖ ಭೂಖಂಡಗಳ ಮೇಲೆ ಸರಾಸರಿ ಚದರ ಮೀಟರ್‌ಗೆ ಸುಮಾರು 0.065 ವ್ಯಾಟ್. ಒಂದು ಚದರ ಕಿಲೋಮೀಟರ್ ಗಣಿ ಪ್ರದೇಶಕ್ಕೆ ಗುಣಿಸಿದರೆ 65 ಕಿಲೋವ್ಯಾಟ್. ಮೇಲೆ ನಾವು ಸುಲಭವಾಗಿ ತೆಗೆದ 1,160 ಕಿಲೋವ್ಯಾಟ್ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಹದಿನೇಳು ಹದಿನೆಂಟು ಪಟ್ಟು ಜಾಸ್ತಿ ತೆಗೆಯುತ್ತಿದ್ದೇವೆ.

ಹಾಗಾದರೆ ಇಷ್ಟು ದಿನ ಸಿಕ್ಕಿದ್ದು ಎಲ್ಲಿಯದು? ಬಂಡೆಯಲ್ಲಿ ಕೂಡಿಟ್ಟಿದ್ದು. ಲಕ್ಷಾಂತರ ವರ್ಷಗಳಲ್ಲಿ ಬಂಡೆ ಬಿಸಿಯಾಗಿ ಕೂತಿದೆ. ನಾವು ಆ ಉಳಿತಾಯವನ್ನು ಬಿಡಿಸಿಕೊಳ್ಳುತ್ತಿದ್ದೇವೆ. ಬಡ್ಡಿ ತೀರಾ ಕಡಿಮೆ. ದಿನಕ್ಕಿಷ್ಟು ಎಂದು ಅಸಲಿನಿಂದಲೇ ತೆಗೆದರೆ ಒಂದು ದಿನ ಖಾತೆ ಬರಿದಾಗುತ್ತದೆ. ಬಿಸಿ ಬಾವಿಯ ಸುತ್ತ ಬಂಡೆ ತಣ್ಣಗಾಗುತ್ತದೆ, ತಂಪು ಬಾವಿಯ ಸುತ್ತ ಬೆಚ್ಚಗಾಗುತ್ತದೆ, ಕೊನೆಗೆ ಎಲ್ಲವೂ ಮಧ್ಯದ ಒಂದು ಶಾಖಕ್ಕೆ ಬಂದು ನಿಲ್ಲುತ್ತದೆ. ಆಗ ಬಿಸಿಗೂ ಆಗದು, ತಂಪಿಗೂ ಆಗದು.

ನೀರು ಬಲ್ಲವರು ಇನ್ನೊಂದು ಅಪಾಯವನ್ನೂ ಎತ್ತಿ ತೋರಿಸುತ್ತಾರೆ. ಮರಳಿನ ಅಥವಾ ಬಿರುಕು ಬಂಡೆಯ ಸಾಧಾರಣ ಅಂತರ್ಜಲದಲ್ಲಿ ನೀರು ನಿಧಾನವಾಗಿ ಇಂಗುತ್ತ ಹೋಗುತ್ತದೆ. ಒಂದು ಬಾವಿಗೆ ಬಿಟ್ಟ ತಂಪು ನೀರು ಇನ್ನೊಂದಕ್ಕೆ ತಲುಪಲು ವರ್ಷಗಳೇ ಬೇಕಾಗಬಹುದು. ಗಣಿಯಲ್ಲಿ ಹಾಗಲ್ಲ. ಎರಡು ಬಾವಿಗಳ ನಡುವೆ ತೆರೆದ ಸುರಂಗ ಇದ್ದರೆ ನೀರು ಪೈಪಿನಲ್ಲಿ ಓಡಿದ ಹಾಗೆ ಓಡುತ್ತದೆ. ಬಂಡೆಯಿಂದ ಬಿಸಿ ಹೀರಲು ಅದಕ್ಕೆ ಪುರುಸೊತ್ತೇ ಇಲ್ಲ. ಈ ಕಡೆ ಬಿಟ್ಟ ತಣ್ಣೀರು ಕೆಲವೇ ದಿನಗಳಲ್ಲಿ ಆ ಕಡೆ ಮೇಲೆ ಬಂದುಬಿಡಬಹುದು. ಯಾವ ಸುರಂಗ ಯಾವುದಕ್ಕೆ ಸೇರಿದೆ, ಎಲ್ಲಿ ಕುಸಿದು ಮುಚ್ಚಿದೆ, ಎಲ್ಲಿ ಗಣಿಗಾರರೇ ನೀರು ತಡೆಯಲು ಗೋಡೆ ಕಟ್ಟಿದ್ದರು, ಇವೆಲ್ಲ ಗೊತ್ತಿಲ್ಲದೆ ಬಾವಿಯ ಜಾಗ ಆರಿಸುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ನಕ್ಷೆಯಲ್ಲಿ ತೆರೆದಿರುವ ಸುರಂಗ ಇವತ್ತೂ ತೆರೆದಿದೆ ಅನ್ನುವ ಹಾಗಿಲ್ಲ. ಅದಕ್ಕೇ ಬಣ್ಣ ಅಥವಾ ಉಪ್ಪಿನಂಥ ಗುರುತಿನ ವಸ್ತುವನ್ನು ಒಂದು ಬಾವಿಗೆ ಬಿಟ್ಟು ಇನ್ನೊಂದರಲ್ಲಿ ಕಾಯುವ ಪರೀಕ್ಷೆ ಇದೆ. ಒಂದು ಬಾವಿಯಲ್ಲಿ ಪಂಪು ಓಡಿಸಿ, ದೂರದ ಇನ್ನೊಂದರಲ್ಲಿ ಮಟ್ಟ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುವುದೂ ಇದೆ.

ದಿಕ್ಕು ತಿರುಗಿಸಿದ್ದು

2013ರಲ್ಲಿ ಯೋಜನೆಯನ್ನು ಬೇರೆ ತರಹ ಕಟ್ಟಲು ಶುರು ಮಾಡಿದರು. ಅದನ್ನು ‘ಮೈನ್‌ವಾಟರ್ 2.0’ ಎಂದು ಕರೆದರು. ಮೂಲದಲ್ಲಿ ಬದಲಾದದ್ದು ಒಂದು ಕಲ್ಪನೆ. ಗಣಿಯನ್ನು ಶಾಖ ಹುಟ್ಟುವ ಜಾಗ ಎಂದು ನೋಡುವುದನ್ನು ಬಿಟ್ಟರು. ಶಾಖ ಇಟ್ಟು ತೆಗೆಯುವ ಉಗ್ರಾಣ ಎಂದು ನೋಡಿದರು.

ಇದು ಆಚರಣೆಯಲ್ಲಿ ಹೇಗಿದೆ ನೋಡಿ. ದೊಡ್ಡ ಕಚೇರಿಯಲ್ಲಿ ನೂರಾರು ಕಂಪ್ಯೂಟರ್, ಜನ, ದೀಪ ಇರುತ್ತವೆ. ಚಳಿಗಾಲದಲ್ಲೂ ಅದರ ಕೆಲವು ಭಾಗಕ್ಕೆ ತಂಪೇ ಬೇಕು. ಡೇಟಾ ಸೆಂಟರ್ ಆದರೆ ಕೇಳುವುದೇ ಬೇಡ, ವರ್ಷದ 365 ದಿನವೂ ಶಾಖ ಹೊರಹಾಕುತ್ತದೆ. ಪಕ್ಕದ ಬೀದಿಯಲ್ಲಿ ಮನೆಗಳಿಗೆ ಅದೇ ಹೊತ್ತಿಗೆ ಶಾಖ ಬೇಕು. ಮೊದಲ ವಿನ್ಯಾಸದಲ್ಲಿ ಒಬ್ಬರು ತಂಪು ಬಾವಿಯಿಂದ ತೆಗೆಯುತ್ತಿದ್ದರು, ಇನ್ನೊಬ್ಬರು ಬಿಸಿ ಬಾವಿಯಿಂದ, ಎರಡೂ ಬೆರೆತು ಹಾಳಾಗುತ್ತಿತ್ತು. ಹೊಸ ವಿನ್ಯಾಸದಲ್ಲಿ ಕಚೇರಿ ಬಿಟ್ಟ ಬೆಚ್ಚಗಿನ ನೀರು ನೇರ ಮನೆಗಳ ಕಡೆ ಹೋಗುತ್ತದೆ. ಮನೆ ಬಿಟ್ಟ ತಂಪು ನೀರು ಕಚೇರಿಗೆ ಬರುತ್ತದೆ. ಇಬ್ಬರಿಗೂ ಗಣಿಯ ತನಕ ಹೋಗುವ ಅಗತ್ಯವೇ ಬೀಳದಿರಬಹುದು.

ಹತ್ತಿರದ ಕೆಲವು ಕಟ್ಟಡಗಳನ್ನು ಸೇರಿಸಿ ಒಂದೊಂದು ಗುಂಪು ಮಾಡಿದರು. ಗುಂಪಿನ ಒಳಗೆ ಮೊದಲು ಕೊಡು-ಕೊಳ್ಳು. ಅಲ್ಲಿ ಮಿಕ್ಕಿದ್ದು ಅಥವಾ ಕೊರತೆ ಬಿದ್ದದ್ದು ಮಾತ್ರ ಗಣಿ ನೀರಿನ ಮುಖ್ಯ ಪೈಪಿಗೆ. ಆ ಪೈಪು ಗುಂಪುಗಳ ನಡುವೆ ಹಂಚುತ್ತದೆ. ಆಮೇಲೂ ಉಳಿದರೆ ಗಣಿಗೆ. ಬೇಸಿಗೆಯಲ್ಲಿ ಹೆಚ್ಚಾದ ಶಾಖ ಬಿಸಿ ಬಾವಿಯ ಮೂಲಕ ಆಳದ ಸುರಂಗಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಹೆಚ್ಚಾದ ತಂಪು ಮೇಲ್ಮಟ್ಟದ ಸುರಂಗಕ್ಕೆ ಸೇರುತ್ತದೆ. ಬೇಕಾದಾಗ ವಾಪಸು. ಅಂದರೆ ಬಾವಿಗಳು ಎರಡೂ ದಿಕ್ಕಿಗೆ ಕೆಲಸ ಮಾಡಬೇಕು. ಎತ್ತಲೂ ಬೇಕು, ಬಿಡಲೂ ಬೇಕು, ಅದೂ ಗಾಳಿ ಸೇರದಂತೆ, ಒತ್ತಡ ಬೀಳದಂತೆ. ಕಿತ್ತಳೆ ಕೆಸರಿನ ಬಾಟಲಿ ಇಲ್ಲಿ ಮತ್ತೆ ನೆನಪಾಗಬೇಕು.

ಪಿಂಚಣಿ ನಿಧಿಯನ್ನು ನಡೆಸುವ ಎ.ಪಿ.ಜಿ. ಸಂಸ್ಥೆಯ ಡೇಟಾ ಸೆಂಟರ್ ಈ ಜಾಲಕ್ಕೆ ಸೇರಿತು. ಕಲ್ಲಿದ್ದಲ ಬದಲಿಗೆ ಊರಿಗೆ ಬಂದವರಲ್ಲಿ ಇನ್ನೊಬ್ಬರು. ಇವರು ಜಾಲದಿಂದ ಪಡೆಯುವವರಷ್ಟೇ ಅಲ್ಲ, ಅದಕ್ಕೆ ಶಾಖ ತುಂಬುವವರು.

ಆಮೇಲೆ ಬಂದದ್ದು ನಿಯಂತ್ರಣದ ಕೆಲಸ. ಯಾವ ಕಟ್ಟಡಕ್ಕೆ ನಾಳೆ ಬೆಳಿಗ್ಗೆ ಎಷ್ಟು ಬೇಕು ಎಂದು ಮೊದಲೇ ಅಂದಾಜು ಮಾಡಿ ಪಂಪುಗಳನ್ನು ಓಡಿಸುವ ಸಾಫ್ಟ್‌ವೇರನ್ನು ಯುರೋಪಿಯನ್ ಒಕ್ಕೂಟದ ‘ಸ್ಟಾರ್ಮ್’ ಯೋಜನೆ ಎರಡು ಊರುಗಳಲ್ಲಿ ಪರೀಕ್ಷಿಸಿತು. ಒಂದು ಸ್ವೀಡನ್ನಿನ ರೊಟ್ನೆ, ಇನ್ನೊಂದು ಹೇರ್ಲೆನ್. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಒಂದು ಮಾತು ಮಾತ್ರ. ಸಾಫ್ಟ್‌ವೇರ್ ಎಷ್ಟೇ ಜಾಣ ಆದರೂ ಕೆಳಗಿನ ಸುರಂಗ ಎಷ್ಟು ಶಾಖ ಹಿಡಿಯುತ್ತದೆ, ಎಷ್ಟು ಸೋರುತ್ತದೆ ಎಂಬ ಅಂಕಿ ಅದಕ್ಕೆ ಬೇಕು. ಆ ಅಂಕಿ ಬರುವುದು ಬಾವಿಗಳ ಅಳತೆಯಿಂದ.

ಈ ನಡುವೆ ಉತ್ತರದ ಗ್ರೋನಿಂಗೆನ್‌ನಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಅನಿಲ ತೆಗೆದು ತೆಗೆದು ಅಲ್ಲಿ ಭೂಕಂಪಗಳು ಶುರುವಾದವು. 2012ರಲ್ಲಿ 3.6 ತೀವ್ರತೆಯ ಕಂಪನ ಆಯಿತು. 2018ರ ಜುಲೈನಿಂದ ಹೊಸ ಕಟ್ಟಡಗಳಿಗೆ ಅನಿಲ ಸಂಪರ್ಕ ಕೊಡುವುದನ್ನು ದೇಶ ಬಹುಮಟ್ಟಿಗೆ ನಿಲ್ಲಿಸಿತು. 2023ರ ಅಕ್ಟೋಬರ್‌ನಲ್ಲಿ ಗ್ರೋನಿಂಗೆನ್‌ನಿಂದ ಅನಿಲ ತೆಗೆಯುವುದು ನಿಂತಿತು. ಲಿಂಬರ್ಗ್‌ನ ಗಣಿಗಳನ್ನು ಮುಚ್ಚಿಸಿದ ಅನಿಲಕ್ಕೆ ಬದಲಿ ಹುಡುಕುವ ಹೊತ್ತಿಗೆ, ಅದೇ ಗಣಿಗಳು ಒಂದು ಊರಿನ ಮಟ್ಟಿಗಾದರೂ ಉತ್ತರ ಕೊಡುತ್ತಿದ್ದವು.

ಪಂಪು ನಿಲ್ಲುವ ಮುಂಚೆ

ಹೇರ್ಲೆನ್ ಒಂದೇ ಅಲ್ಲ. ಕೆನಡಾದ ಸ್ಪ್ರಿಂಗ್‌ಹಿಲ್‌ನಲ್ಲಿ 1980ರ ದಶಕದ ಕೊನೆಯಿಂದಲೇ ಒಂದು ಕಾರ್ಖಾನೆ ಮುಳುಗಿದ ಕಲ್ಲಿದ್ದಲ ಗಣಿಯ ನೀರಿನಿಂದ ತನ್ನ ಕಟ್ಟಡವನ್ನು ಬಿಸಿ ಮಾಡಿಕೊಂಡಿತು. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 2023ರಲ್ಲಿ ದೊಡ್ಡ ಜಾಲ ಶುರುವಾಗಿದೆ. ನನಗೆ ಹೋಲಿಕೆಗೆ ಜಾಸ್ತಿ ಬೇಕಾದ್ದು ಸ್ಪೇನಿನ ಮಿಯೆರೆಸ್. ಅಲ್ಲಿನ ಬರ್ರೇದೊ ಗಣಿಯಲ್ಲಿ ಶಾಫ್ಟನ್ನು ತುಂಬಿ ಮುಚ್ಚಲಿಲ್ಲ. ಮಟ್ಟ ಕಾಯಲು ಅಲ್ಲಿ ಪಂಪು ಓಡುತ್ತಲೇ ಇರಬೇಕಿತ್ತು. ಉನೋಸಾ ಎಂಬ ಸರ್ಕಾರಿ ಗಣಿ ಸಂಸ್ಥೆ ಅದೇ ನೀರಿನ ಶಾಖವನ್ನು ಹತ್ತಿರದ ಆಸ್ಪತ್ರೆಗೂ ವಿಶ್ವವಿದ್ಯಾಲಯದ ಕಟ್ಟಡಕ್ಕೂ ಕೊಟ್ಟಿತು. ಹೇಗೂ ಎತ್ತಬೇಕಾದ ನೀರು, ಹೇಗೂ ಇರುವ ಶಾಫ್ಟು. 700 ಮೀಟರ್ ಕೊರೆದು ಕಾಣದ ಸುರಂಗಕ್ಕೆ ಗುರಿ ಇಡುವ ಕಷ್ಟ ಅವರಿಗೆ ಬರಲಿಲ್ಲ.

ಇವತ್ತು ನಡೆಯುತ್ತಿರುವ ಆಳದ ಗಣಿಗಳಲ್ಲೂ ಇದೇ ಸ್ಥಿತಿ. ಹಗಲೂ ರಾತ್ರಿ ಬೆಚ್ಚಗಿನ ನೀರು ಮೇಲೆ ಬರುತ್ತಿರುತ್ತದೆ. ಹೆಚ್ಚಿನ ಕಡೆ ಅದು ಕೊಳಕ್ಕೋ ಹಳ್ಳಕ್ಕೋ ಹೋಗಿ ತಣ್ಣಗಾಗುತ್ತದೆ. ಎತ್ತುವ ಕರೆಂಟಿನ ಬಿಲ್ಲು ಗಣಿಯೇ ಕಟ್ಟುತ್ತದೆ, ಶಾಖ ಮಾತ್ರ ಗಾಳಿಗೆ. ಹೀಗೆ ಹೋಗಬಾರದು ಎಂದು ನನಗೆ ನಿಜವಾಗಿ ಅನಿಸುತ್ತದೆ.

ಒಂದು ಗಣಿಯನ್ನು ಮುಚ್ಚಲು ಇನ್ನೂ ಕೆಲವು ವರ್ಷ ಇದೆ ಎಂದುಕೊಳ್ಳಿ. ಅಂತರ್ಜಲ ಬಲ್ಲ ಒಬ್ಬರನ್ನು ಆಗಲೇ ಕೆಳಗೆ ಇಳಿಸಬೇಕು. ಜನರನ್ನು ಗಣಿಗೆ ಇಳಿಸಿ ಹತ್ತಿಸುವ ಪಂಜರ ಇನ್ನೂ ಓಡುತ್ತಿರುವಾಗ, ಒಣ ಸುರಂಗದಲ್ಲಿ ನಡೆದುಕೊಂಡೇ ಹೋಗಿ ಪ್ರತಿ ಮಟ್ಟದಲ್ಲೂ ನೀರು ಎಲ್ಲಿಂದ ಬರುತ್ತದೆ, ಎಷ್ಟು ಬಿಸಿ, ಎಷ್ಟು ಉಪ್ಪು ಎಂದು ಅಳೆದು ಬರೆದುಕೊಳ್ಳಲು ಆಗುತ್ತದೆ. ಯಾವ ಸುರಂಗದ ಛಾವಣಿ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಅಲ್ಲಿ ದಿನಾ ಕೆಲಸ ಮಾಡುವವರನ್ನೇ ಕೇಳಬಹುದು. ಬಿಸಿ ಮಟ್ಟವೂ ತಂಪು ಮಟ್ಟವೂ ನೇರವಾಗಿ ಸೇರುವ ಜಾಗದಲ್ಲಿ ಒಂದು ಗೋಡೆ ಕಟ್ಟಿಸಬಹುದು. ಶಾಫ್ಟ್ ತುಂಬುವ ಮುಂಚೆ ಅದರೊಳಗೆ ತಳದ ತನಕ ಪೈಪು ಇಳಿಸಿ, ಅದರ ಸುತ್ತ ತುಂಬಿಸಬಹುದು. ನೀರಿನ ಮಟ್ಟ, ಶಾಖ ಅಳೆಯುವ ತಂತಿಯನ್ನೂ ಅದರ ಜೊತೆ ಬಿಡಬಹುದು. ಮುಚ್ಚುವ ಖರ್ಚಿನಲ್ಲಿ ಇದು ಸಣ್ಣ ಪಾಲು. 1974ರ ಹೇರ್ಲೆನ್‌ನಲ್ಲಿ ಇದನ್ನು ಯೋಚಿಸಿದವರು ಇರಲಿಲ್ಲ. ಯೋಚಿಸಬೇಕಿತ್ತು ಎಂದು ಅವರ ಮೇಲೆ ತಪ್ಪು ಹೊರಿಸಲೂ ಆಗದು. ಹೀಟ್ ಪಂಪ್‌ನಿಂದ ಊರು ಬಿಸಿ ಮಾಡುವ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಇವತ್ತು ಗಣಿ ಮುಚ್ಚುವವರಿಗೆ ಆ ಕಾರಣ ಇಲ್ಲ.

ದಕ್ಷಿಣ ಲಿಂಬರ್ಗ್‌ನ ಗಣಿಗಳಲ್ಲಿ ನೀರು ಏರುವುದು ಒಂದೆರಡು ವರ್ಷದ ಮಾತಲ್ಲ, ದಶಕಗಳ ಮಾತು. 1994ರಲ್ಲಿ ಕೊನೆಯ ಪಂಪು ನಿಂತ ಮೇಲೆ ಶುರುವಾದ ಆ ಏರಿಕೆಯನ್ನು ಅಲ್ಲಿನವರು ಬಾವಿಗಳಲ್ಲಿ ಅಳೆಯುತ್ತ ಬಂದಿದ್ದಾರೆ. ನೆಲ ಎಲ್ಲಿ ಎಷ್ಟು ಉಬ್ಬಿದೆ ಎಂದು ಮೇಲಿಂದಲೂ ನೋಡುತ್ತಾರೆ. ಶಾಖಕ್ಕಾಗಿ ಕೊರೆದ ಆ ಐದು ಬಾವಿಗಳು ಗಣಿಯ ಒಳಗೆ ಇಣುಕುವ ಕಿಂಡಿಗಳೂ ಹೌದು.